ಊರು ನೇರವಾಗಿ ಕಾಣುವ ಸಿನಿಮಾ

ಆಗದ ಕೆಲಸವನ್ನು ಆಗಿದೆ ಎಂದು ಪುರಸಭೆ ಕಚೇರಿಯ ಮೈಕಿನಲ್ಲಿ ಹೇಳಿದಾಗಲೆಲ್ಲ ನಮ್ಮೂರು ಮೂಡಲ ಕಡೆಗೆ ಒಂದು ಎಳೆಯಷ್ಟು ವಾಲುತ್ತದೆ. ನಾವೆಲ್ಲ ಹೊಂದಿಕೊಂಡಿದ್ದೇವೆ. ಮಂಚದ ಕಾಲಿಗೆ ಬೆಣೆ, ಬೀರುವಿನ ಕಾಲಿಗೆ ಬೆಣೆ, ದೇವರ ಪಟದ ಹಿಂದೆ ಕೂಡ ಒಂದು ಸಣ್ಣ ಬೆಣೆ. ಮಕ್ಕಳಿಗೆ ಚಪ್ಪಲಿ ಕೊಡಿಸುವಾಗ ಒಂದಕ್ಕೆ ದಪ್ಪ ಅಟ್ಟೆ ಹಾಕಿಸುತ್ತೇವೆ; ಶಾಲೆಗೆ ಹೋಗುವಾಗ ಅದು ಬಲಗಾಲಿಗೆ, ವಾಪಸು ಬರುವಾಗ ಎಡಗಾಲಿಗೆ. ಅಂಗಡಿ ಬೀದಿಯ ಹೋಟೆಲಿನಲ್ಲಿ ಕಾಫಿಯನ್ನು ಲೋಟದ ಮುಕ್ಕಾಲಿಗೆ ಮಾತ್ರ ತುಂಬುತ್ತಾರೆ, ಯಾರೂ ಜಗಳ ಆಡುವುದಿಲ್ಲ. ನನ್ನ ಗಂಡ ಗುರುಸಿದ್ದ ಸಾಮಿಲ್ಲಿನಲ್ಲಿ ಬೆಣೆ ಕೊಯ್ಯುತ್ತಾನೆ. ಸಾಮಿಲ್ಲಿನ ಬೋರ್ಡಿನಲ್ಲಿ ಮಾತ್ರ ‘ಅಲಂಕಾರದ ಮರ’ ಎಂದು ಬರೆದಿದೆ. ಊರು ನೇರವಾಗಿಯೇ ಇದೆ ಎಂದು ಕಚೇರಿಯವರು ಎಂದೋ ಸಾರಿಬಿಟ್ಟಿದ್ದಾರೆ. ನೇರ ಇರುವ ಊರಿಗೆ ಬೆಣೆ ಯಾಕೆ?

ಮನೆಗಳಲ್ಲಿ ಅಲಂಕಾರದ ಮರ ಇಟ್ಟುಕೊಂಡರೆ ಅವರು ನೋಡಿಯೂ ನೋಡದಂತೆ ಹೋಗುತ್ತಾರೆ. ಸರ್ಕಾರಿ ಕಟ್ಟಡದಲ್ಲಿ ಮಾತ್ರ ಇಡುವಂತಿಲ್ಲ. ನಾನು ಕೆಲಸ ಮಾಡುವುದು ಸರ್ಕಾರಿ ಕಟ್ಟಡದಲ್ಲಿ. ಶಾಲೆಯ ಬಿಸಿಯೂಟದ ಅಡುಗೆಯವಳು ನಾನು. ನನ್ನ ಜೊತೆ ಮೆಹರು ಇದ್ದಾಳೆ. ಒಲೆಯ ಕಟ್ಟೆ ಎಷ್ಟು ವಾಲಿತ್ತೆಂದರೆ, ಸಾರಿನ ಡಬರಿಯ ಒಂದು ಬದಿಯಲ್ಲಿ ಸಾರು ಅಂಚಿಗೆ ಬಂದು ನಿಂತರೆ ಇನ್ನೊಂದು ಬದಿಯಲ್ಲಿ ತಳ ಕಾಣುವ ಹಾಗಿರುತ್ತಿತ್ತು. ಡಬರಿಯ ಕಿವಿಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಪಡುವಣ ಕಿಟಕಿಯ ಸರಳಿಗೆ ಸುತ್ತಿ, ತುದಿಯನ್ನು ಮೆಹರು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಸೊಪ್ಪು ಬಿಡಿಸುವುದು. “ನಮ್ಮನೇಲಿ ಎಮ್ಮೆ ಕಟ್ಟಿದ್ದೂ ಹಿಂಗೇ ಅಕ್ಕಾ. ಅದಾದ್ರೂ ಹಾಲು ಕೊಡ್ತಿತ್ತು,” ಎನ್ನುತ್ತಿದ್ದಳು.

ಆ ಡಬರಿಯ ಮೂಡಲಿಗೇ ಬಾಗಿಲು. ಬಾಗಿಲಾಚೆ ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲುತ್ತವೆ. ಆ ಸಾಲಿನಲ್ಲಿ ನನ್ನ ಮಗಳು ನೀಲುವೂ ಇರುತ್ತಾಳೆ. ಊರಿನ ಬೇರೆ ಎಲ್ಲ ಓರೆಗೂ ಹೊಂದಿಕೊಂಡಿದ್ದ ನನಗೆ ಇದೊಂದಕ್ಕೆ ಹೊಂದಿಕೊಳ್ಳಲು ಆಗಿರಲಿಲ್ಲ. ಕಟ್ಟೆಯ ಕೆಳಗೆ ಬೆಣೆ ಹೊಡೆದು ಒಲೆ ನೇರ ಮಾಡಿಕೊಡಿ ಎಂದು ಕಚೇರಿಗೆ ಹೋಗಿ ಹೋಗಿ ಕೇಳುತ್ತಿದ್ದೆ. ಅಲ್ಲಿ ಇಂಥ ಮಾತು ಕೇಳಿಸಿಕೊಳ್ಳುವವರು ಪ್ರಚಾರಾಧಿಕಾರಿ ವಾಮದೇವಯ್ಯನವರು. ಮೈಕಿನಲ್ಲಿ ಏನು ಹೇಳಬೇಕೆಂದು ಬರೆದುಕೊಡುವವರೂ ಅವರೇ. ಕೆಟ್ಟವರಲ್ಲ. ನಾನು ನಿಂತಿದ್ದರೆ ಕುರ್ಚಿ ಕೊಡುತ್ತಾರೆ, ಕುರ್ಚಿ ಜಾರದಂತೆ ತಮ್ಮ ಕಾಲನ್ನು ಅಡ್ಡ ಇಡುತ್ತಾರೆ.

“ರಂಗಮ್ಮ, ಸರ್ಕಾರಿ ಕಟ್ಟಡ ಓರೆ ಆಗಲ್ಲಮ್ಮ,” ಎಂದರು ಕೊನೆಯ ಸಲ ಹೋದಾಗ.

“ಆಗಿದೆಯಲ್ಲ ಸಾರ್. ನಿಮ್ಮ ಫ್ಯಾನೇ ನೋಡಿ.”

ಫ್ಯಾನು ಗೋಡೆಗೆ ತಾಗುತ್ತ ಟಕಟಕ ಎನ್ನುತ್ತಿತ್ತು. ಅವರು ತಲೆಯೆತ್ತಲಿಲ್ಲ. “ಫ್ಯಾನು ನೋಡಬಾರದು ಕಣಮ್ಮ. ಗಾಳಿ ಬರ್ತಿದೆಯಾ ಇಲ್ವಾ ಅಷ್ಟೇ ನೋಡಬೇಕು. ನೀವು ಬೇರೆ ಏನಾದ್ರೂ ಕೇಳಿ, ಮಾಡಿಸ್ತೀನಿ. ಹೊಸ ಸೌಟು ಕೊಡಿಸ್ಲಾ?”

ಸಿನಿಮಾ ಮಾಡುವ ಯೋಚನೆ ಹುಟ್ಟಿದ್ದು ಅದಾದ ಮೇಲೆ. ನಮ್ಮೂರು ವಾಲಿದೆಯಂತೆ ಎಂಬ ಮಾತು ರಾಜಧಾನಿಯವರೆಗೂ ಹೋಗಿತ್ತು. ಅಲ್ಲಿಂದ ಯಾರೋ ನೋಡಲು ಬರುವ ಮೊದಲೇ ಊರು ನೇರ ಇರುವುದನ್ನು ತೋರಿಸುವ ಸಿನಿಮಾ ಕಳಿಸಿಬಿಡೋಣ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಪರವೂರಿನ ಕ್ಯಾಮೆರಾದವರು ಬಂದರು. ಮೊದಲ ದಿನವೇ ಅವರಿಗೆ ಕಷ್ಟವಾಯಿತು; ಎಲ್ಲಿ ಇಟ್ಟರೂ ಊರು ಓರೆ. ಕೊನೆಗೆ ವಾಮದೇವಯ್ಯನವರೇ ಉಪಾಯ ಹೇಳಿದರು. ಕ್ಯಾಮೆರಾದ ಸ್ಟ್ಯಾಂಡಿನ ಒಂದು ಕಾಲು ಕುಗ್ಗಿಸಿ ಕ್ಯಾಮೆರಾವನ್ನೂ ಊರಿನಷ್ಟೇ ವಾಲಿಸಿದರು. ನೋಡಿದರೆ ಕಚೇರಿ ನೇರ, ಶಾಲೆ ನೇರ, ನೀರಿನ ಟ್ಯಾಂಕು ನೇರ. ವಾಮದೇವಯ್ಯನವರು ಎಲ್ಲರಿಗೂ ಬಾಳೆಹಣ್ಣು ಹಂಚಿದರು.

ಅಡುಗೆಮನೆಗೆ ಅಧ್ಯಕ್ಷರೇ ಬರುವುದಿತ್ತು. ಮಕ್ಕಳು ಬಿಸಿ ಬಿಸಿ ಊಟ ಮಾಡುತ್ತಿರುವಾಗ ಅವರು ಬಾಗಿಲಲ್ಲಿ ನಿಂತು ಕಚೇರಿಯ ಮೈಕಿನಲ್ಲಿ ಮಾತಾಡುತ್ತಾರೆ. ಚಿತ್ರೀಕರಣದ ಹುಡುಗರು ಬಂದವರೇ ಹಗ್ಗ ನೋಡಿದರು.

“ಇದೇನಿದು ಮೇಡಂ, ಸಾರಿಗೆ ಹಗ್ಗ?”

“ಜಾರುತ್ತೆ.”

“ಶಾಟಲ್ಲಿ ಬೀಳುತ್ತೆ, ತೆಗೀಬೇಕು.”

“ತೆಗೆದ್ರೆ ಸಾರೇ ಬೀಳುತ್ತೆ,” ಎಂದಳು ಮೆಹರು.

ವಾಮದೇವಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. “ಒಂದು ಗಳಿಗೆ ರಂಗಮ್ಮ. ಅಧ್ಯಕ್ಷರು ನಾಲ್ಕು ಮಾತಾಡಿ ಹೋಗ್ತಾರೆ. ನಾನೇ ಪಕ್ಕದಲ್ಲಿ ನಿಂತಿರ್ತೀನಿ.” ಹಗ್ಗ ಬಿಚ್ಚಿದರು. ಡಬರಿ ಇದ್ದಲ್ಲೇ ಇತ್ತು. ನಾನು ಮಸಿಬಟ್ಟೆಯಲ್ಲಿ ಅದರ ಕಿವಿ ಹಿಡಿದು ನಿಂತೆ. ಮಕ್ಕಳು ಸಾಲಾಗಿ ನಿಂತವು. ಎಲ್ಲರಿಗಿಂತ ಮುಂದೆ ನೀಲುವನ್ನು ನಿಲ್ಲಿಸಿದರು, ಎರಡು ಜಡೆ ಚೆನ್ನಾಗಿ ಕಾಣುತ್ತದೆ ಎಂದು. ಅಧ್ಯಕ್ಷರು ಮೈಕು ಹಿಡಿದರು. ಮನೆಮನೆಗೆ ಹಗಲೂ ರಾತ್ರಿ ನೀರು ಬರುತ್ತಿದೆ ಎಂದರು. ನನ್ನ ಕಾಲಡಿ ನೆಲ ಸರಿಯಿತು. ಆಸ್ಪತ್ರೆಯಲ್ಲಿ ಎಲ್ಲ ಔಷಧಿಯೂ ಇದೆ ಎಂದರು. ಡಬರಿ ಕದಲಿತು, ಕಿವಿ ಒತ್ತಿ ಹಿಡಿದೆ. ಆಮೇಲೆ ಅವರು ಕೈ ಮೇಲೆತ್ತಿ, ನಮ್ಮ ಊರು ದೇಶದಲ್ಲೇ ಅತ್ಯಂತ ನೇರವಾದ ಊರು ಎಂದರು.

ಡಬರಿ ನನ್ನ ಕೈ ಬಿಟ್ಟು ಹೋಯಿತು. ಪೂರ್ತಿ ಮಗುಚಲಿಲ್ಲ. ಬಾಗಿಲ ಹೊಸ್ತಿಲಿಗೆ ಬಡಿದು ನಿಂತಿತು, ಅದೊಂದು ಪುಣ್ಯ. ಆದರೆ ತುಳುಕಿದ ಸಾರು ನೀಲುವಿನ ಎಡಗಾಲಿನ ಮೇಲೆ ಬಿತ್ತು. ಅವಳು ಕಿರುಚಿ ಒಂಟಿಕಾಲಿನಲ್ಲಿ ಕುಣಿದಳು, ತಟ್ಟೆ ಹಾರಿ ಅಧ್ಯಕ್ಷರ ಹೊಟ್ಟೆಗೆ ತಗುಲಿತು, ಅಧ್ಯಕ್ಷರು ವಾಮದೇವಯ್ಯನವರ ಮೇಲೆ ಬಿದ್ದರು. ನಾನು ಅದೇನನ್ನೂ ನೋಡಲಿಲ್ಲ. ಮಗಳನ್ನು ಎತ್ತಿಕೊಂಡು ನಲ್ಲಿಗೆ ಓಡಿದೆ. ನಲ್ಲಿಯಲ್ಲಿ ನೀರಿರಲಿಲ್ಲ. ಮೆಹರು ಕುಡಿಯುವ ನೀರಿನ ಕೊಡವನ್ನೇ ತಂದು ಸುರಿದಳು.

ಆಸ್ಪತ್ರೆಗೆ ವಾಮದೇವಯ್ಯನವರು ಮೂಸಂಬಿ ತಂದರು. ಮೇಜಿನ ಮೇಲಿಟ್ಟ ಮೂಸಂಬಿಗಳು ಒಂದೊಂದಾಗಿ ಉರುಳಿ ಬೀಳುತ್ತಿದ್ದವು, ಅವರು ಬಗ್ಗಿ ಬಗ್ಗಿ ಹೆಕ್ಕುತ್ತಿದ್ದರು. “ಆ ಭಾಗ ಕತ್ತರಿಸಿ ಹಾಕ್ತಾರೆ ರಂಗಮ್ಮ. ಯಾರಿಗೂ ಗೊತ್ತಾಗಲ್ಲ,” ಎಂದರು. ಅದು ಸಮಾಧಾನದ ಮಾತು ಎಂದು ಅವರು ನಿಜವಾಗಿ ನಂಬಿದ್ದರು.

ಕತ್ತರಿಸಿರಲಿಲ್ಲ. ಕತ್ತರಿಸುವ ಕೆಲಸ ತಮ್ಮದಲ್ಲ ಎಂದು ಅವರವರು ಅಂದುಕೊಂಡಿದ್ದರಂತೆ. ಪುರಭವನದಲ್ಲಿ ಊರಿಗೆಲ್ಲ ಸಿನಿಮಾ ತೋರಿಸಿದ ದಿನ ನೀಲು ನನ್ನ ತೊಡೆಯ ಮೇಲೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಪರದೆಯ ಮೇಲೆ ಊರು ಬಂತು. ಎಲ್ಲ ಕಟ್ಟಡಗಳೂ ನೆಟ್ಟಗೆ ನಿಂತಿದ್ದವು. ಆದರೆ ಮನುಷ್ಯರು! ಕಚೇರಿಯಿಂದ ಹೊರಬಂದ ಗುಮಾಸ್ತರು ಪಡುವಣಕ್ಕೆ ವಾಲಿಕೊಂಡು, ಬಿರುಗಾಳಿಯಲ್ಲಿ ನಡೆಯುವವರ ಹಾಗೆ ನಡೆದರು. ನೇರ ಇದ್ದ ಕಂಬದ ಮೇಲೆ ಬಾವುಟ ಒಂದು ಕಡೆಗೆ ಜೋತುಬಿದ್ದಿತ್ತು. ಹೋಟೆಲಿನವನು ಸುರಿದ ಕಾಫಿ ಗಾಳಿಯಲ್ಲಿ ಓರೆಯಾಗಿ ಹರಿದು, ಲೋಟಕ್ಕೆ ಬಿತ್ತು. ಉದ್ಯಾನದ ಉದ್ಘಾಟನೆಯಲ್ಲಿ ಕುರ್ಚಿಗಳ ಮೇಲೆ ಕೂತ ಹಿರಿಯರೆಲ್ಲ ಪಕ್ಕದವರ ಕಿವಿಯಲ್ಲಿ ಗುಟ್ಟು ಹೇಳುವವರಂತೆ ಒಂದೇ ಕಡೆಗೆ ಬಾಗಿದ್ದರು.

ಮೊದಲು ಯಾರೋ ಮುದುಕಿ ನಕ್ಕಳು. ಆಮೇಲೆ ಇಡೀ ಪುರಭವನ. ಅಂಥ ನಗು ನಮ್ಮೂರಿನಲ್ಲಿ ನಾನು ಕೇಳಿರಲಿಲ್ಲ. ಇಷ್ಟು ಕಾಲ ಬೆಣೆ ಹೊಡೆದುಕೊಂಡು, ದಪ್ಪ ಅಟ್ಟೆ ಹಾಕಿಕೊಂಡು, ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದೆಲ್ಲ ಉಕ್ಕಿ ಬಂದಂತಿತ್ತು. ನನ್ನ ಪಕ್ಕ ಗುರುಸಿದ್ದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನೂ ನಕ್ಕೆ. ಅಷ್ಟರಲ್ಲಿ ಅಡುಗೆಮನೆ ಬಂತು. ನೇರ ನಿಂತ ಬಾಗಿಲಲ್ಲಿ ವಾಲಿ ನಿಂತ ಅಧ್ಯಕ್ಷರು, ದೇಶದಲ್ಲೇ ಅತ್ಯಂತ ನೇರವಾದ ಊರು, ಜಾರಿಬಂದ ಡಬರಿ, ಕುಣಿಯುವ ಹುಡುಗಿ, ಹಾರುವ ತಟ್ಟೆ. ನಗು ಚಾವಣಿಗೆ ಮುಟ್ಟಿತು. ಗುರುಸಿದ್ದನ ನಗು ಮಾತ್ರ ಬಾಯಲ್ಲೇ ನಿಂತಿತು.

“ಅಮ್ಮಾ,” ಎಂದಳು ನೀಲು. “ಅವರೆಲ್ಲಾ ನನ್ನ ನೋಡಿ ನಗ್ತಿದಾರಾ?”

“ಅಧ್ಯಕ್ಷರನ್ನ ನೋಡಿ ಪುಟ್ಟಾ.”

“ಅಲ್ಲ. ನಾನು ಕುಣಿದಾಗ ಜೋರಾಯ್ತು.”

ದೀಪ ಹಾಕಿದರು. ವೇದಿಕೆಯ ಮೇಲೆ ಅಧ್ಯಕ್ಷರ ಮುಖ ಕಪ್ಪಿಟ್ಟಿತ್ತು. ಸಿನಿಮಾ ಅವರ ಮಾನ ತೆಗೆದಿತ್ತು, ಊರು ಅದನ್ನು ನೋಡಿತ್ತು. ಇನ್ನು ಒಲೆ ನೇರವಾಗುತ್ತದೆ, ಇವತ್ತೇ ಕೇಳಿಬಿಡಬೇಕು ಎಂದು ನಾನು ಎದ್ದು ನಿಂತೆ. ಆಗ ವಾಮದೇವಯ್ಯನವರು ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಮೈಕು ತೆಗೆದುಕೊಂಡು, ನಗುತ್ತ, “ಹೇಗಿದೆ ನಮ್ಮ ಹಾಸ್ಯಚಿತ್ರ?” ಎಂದರು.

ಪುರಭವನದ ತಲೆಗಳೆಲ್ಲ ವೇದಿಕೆಯ ಕಡೆ ತಿರುಗಿದವು.

“ತನ್ನನ್ನು ತಾನೇ ನೋಡಿ ನಗುವ ಧೈರ್ಯ ಯಾವ ಆಡಳಿತಕ್ಕಿದೆ? ನಮಗಿದೆ! ಇದಕ್ಕಾಗಿ ನಾವೆಲ್ಲ ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆವು. ಪುಟ್ಟ ಕಲಾವಿದೆ ನೀಲು ಅಂತೂ ಎಷ್ಟು ನೈಜವಾಗಿ ಅಭಿನಯಿಸಿದ್ದಾಳೆ!” ಜನ ಚಪ್ಪಾಳೆ ತಟ್ಟಿದರು. ಪುರಭವನ ಕಿರ್ರೆಂದು ವಾಲಿತು. ಚಪ್ಪಾಳೆ ಬಿಟ್ಟು ಎಲ್ಲರೂ ಕುರ್ಚಿ ಹಿಡಿದುಕೊಂಡರು.

ಹಾಸ್ಯಚಿತ್ರ ರಾಜಧಾನಿಗೆ ಹೋಯಿತು, ಬಹುಮಾನವನ್ನೂ ತಂದಿತು. ಅದಾದ ಮೇಲೆ ಊರಿನಲ್ಲಿ ಒಂದು ಬದಲಾವಣೆಯಾಯಿತು. ಓರೆ ಎಂಬ ಮಾತನ್ನು ಈಗ ಯಾರು ಬೇಕಾದರೂ, ಎಲ್ಲಿ ಬೇಕಾದರೂ ಆಡಬಹುದಿತ್ತು. ಆಡಿದವರನ್ನು ನೋಡಿ ಎಲ್ಲರೂ ನಗುತ್ತಿದ್ದರು, ಅಷ್ಟೆ. ಒಲೆ ಓರೆಯಾಗಿದೆ ಸಾರ್ ಎಂದು ನಾನು ಮತ್ತೆ ಕಚೇರಿಗೆ ಹೋದರೆ ಗುಮಾಸ್ತರು ಕೆಲಸ ಬಿಟ್ಟು ಬಂದರು. “ಇನ್ನೊಂದು ಸಲ ಹೇಳಿ ರಂಗಮ್ಮ, ಅದೇ ಮುಖ ಇಟ್ಕೊಂಡು ಹೇಳಿ!” ಮೊದಲಾದರೆ ಇಲ್ಲ ಎನ್ನುತ್ತಿದ್ದರು, ಇಲ್ಲ ಎಂದವರ ಜೊತೆ ಜಗಳವಾಡಬಹುದಿತ್ತು. ನಗುವವರ ಜೊತೆ ಏನು ಮಾಡುವುದು?

ವಾಮದೇವಯ್ಯನವರು ಮಾತ್ರ ನಗಲಿಲ್ಲ. ಒಳಗೆ ಕರೆದು ಬಾಗಿಲು ಹಾಕಿದರು. “ಎರಡನೇ ಭಾಗ ತೆಗೀತಾರಮ್ಮ. ಅಡುಗೆಮನೆ ದೃಶ್ಯ ಎಲ್ಲರಿಗೂ ಇಷ್ಟ ಆಗಿದೆ. ಈಗ ಒಲೆ ಮುಟ್ಟೋ ಹಾಗಿಲ್ಲ.” ಆಮೇಲೆ ದನಿ ತಗ್ಗಿಸಿ, “ನೀಲುಗೆ ಶ್ರೇಷ್ಠ ಬಾಲನಟಿ ಅಂತ ಪ್ರಶಸ್ತಿ ಇದೆ. ಬೇಡ ಅನ್ನಬೇಡಿ. ಬೇಡ ಅಂದ್ರೆ ಅದು ನಟನೆ ಅಲ್ಲ ಅಂದ ಹಾಗಾಗುತ್ತೆ. ಅಧ್ಯಕ್ಷರು ನಿಮ್ಮನ್ನ ಕೆಲಸದಲ್ಲಿ ಇಟ್ಕೊಳ್ಳಲ್ಲ,” ಎಂದರು.

ಆ ದಿನ ಮನೆಯಲ್ಲಿ ಜಗಳವಾಯಿತು. “ಮಗು ಕಾಲು ಸುಟ್ಟಿದ್ದಕ್ಕೆ ಪ್ರಶಸ್ತಿ ಇಸ್ಕೋತೀಯಾ?” ಎಂದ ಗುರುಸಿದ್ದ. ಕೆಲಸ ಹೋದರೆ ಆ ಒಲೆಯ ಮುಂದೆ ನನ್ನ ಬದಲು ಯಾರೋ ನಿಲ್ಲುತ್ತಾರೆ, ಅವರಿಗೆ ಡಬರಿ ಯಾವಾಗ ಕದಲುತ್ತದೆಂದು ಏನು ಗೊತ್ತು ಎಂದೆ ನಾನು. ಇಬ್ಬರೂ ಗಟ್ಟಿಯಾಗಿ ಮಾತಾಡುತ್ತಿದ್ದೆವು. ನೀಲು ಗೋಡೆಗೊರಗಿ ಕೂತಿದ್ದವಳು, “ನಂಗೆ ಬೇಕು,” ಎಂದಳು.

“ಏನು ಬೇಕು?”

“ಪ್ರಶಸ್ತಿ. ನಟನೆ ಅಂದ್ರೆ ನಾನು ಜಾಣೆ ಅಂತ ಆಗುತ್ತೆ. ನಿಜ ಅಂದ್ರೆ ನಾನು ಬರೀ ಸುಟ್ಕೊಂಡವಳು. ಸ್ಕೂಲಲ್ಲಿ ಎಲ್ಲಾ ನನ್ನ ಥರಾ ಕುಣಿದು ತೋರಿಸ್ತಾರೆ. ಬಾಲನಟಿ ಅಂದ್ರೆ ಸುಮ್ನಾಗ್ತಾರೆ.”

ಗುರುಸಿದ್ದ ಎದ್ದು ಹೊರಗೆ ಹೋದ. ಮಗಳು ಸುಳ್ಳನ್ನು ಕೇಳುತ್ತಿರಲಿಲ್ಲ, ತಲೆಯೆತ್ತಿ ನಡೆಯಲು ಒಂದು ದಾರಿ ಕೇಳುತ್ತಿದ್ದಳು. ಅದು ಸುಳ್ಳಿನ ಮೂಲಕವೇ ಹೋಗುವಂತೆ ಮಾಡಿದವರು ನಾವು ದೊಡ್ಡವರು. ಹೂಂ ಎಂದೆ.

ಪ್ರಶಸ್ತಿ ಕೊಡುವ ದಿನ ಪುರಭವನ ಕಿಕ್ಕಿರಿದಿತ್ತು. ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು ಎಲ್ಲ ಬಂದಿದ್ದರು. ನೀಲು ಹೊಸ ಲಂಗ ಹಾಕಿಕೊಂಡು ಸ್ವಲ್ಪ ಕುಂಟುತ್ತ ವೇದಿಕೆ ಹತ್ತಿದಳು. ವಾಮದೇವಯ್ಯನವರು ಅವಳಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು. “ನನಗೆ ಅಭಿನಯಿಸಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ ವಂದನೆಗಳು,” ಎಂದು ಕಚೇರಿಯ ಮೈಕಿನಲ್ಲಿ ತಪ್ಪಿಲ್ಲದೆ ಹೇಳಿದಳು; ನೆಲ ಒಂದು ಎಳೆಯಷ್ಟು ಸರಿಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಪ್ಪಾಳೆ ಅಧ್ಯಕ್ಷರ ತಲೆಗೇರಿತ್ತು.

“ಎಲ್ಲಿ, ಒಂದ್ಸಲ ಮಾಡಿ ತೋರಿಸಮ್ಮ! ಆ ಕುಣಿತ!”

“ಮಾಡು, ಮಾಡು!” ಎಂದಿತು ಪುರಭವನ. ನಾನು ಎದ್ದು ಮುಂದಕ್ಕೆ ಹೋಗಲು ನೋಡಿದೆ, ಜನ ದಾರಿ ಬಿಡಲಿಲ್ಲ. ವೇದಿಕೆಯ ಮೇಲೆ ನೀಲು ಎಡಗಾಲು ಎತ್ತಿದಳು. ಬಾಯಿ ತೆರೆದಳು. ಹಾಗೇ ನಿಂತಳು. ಅವಳು ನಿಜವಾಗಿ ಪ್ರಯತ್ನಿಸುತ್ತಿದ್ದಳು, ಅದು ನನಗೆ ಕಾಣುತ್ತಿತ್ತು. ಜಾಣೆ ಎನಿಸಿಕೊಳ್ಳಲು ಅವಳಿಗಿದ್ದ ಒಂದೇ ಅವಕಾಶ ಅದು. ಕಾಲು ಕೆಳಗಿಟ್ಟಳು. ತಲೆ ತಗ್ಗಿಸಿ ಮೈಕಿನ ಹತ್ತಿರ ಬಂದು, “ಬರ್ತಿಲ್ಲ,” ಎಂದಳು.

“ಯಾಕೆ ಪುಟ್ಟಿ?” ಎಂದರು ಅಧ್ಯಕ್ಷರು.

“ಸಾರು ಬೀಳದೆ ಹೆಂಗೆ ಕುಣಿಯೋದು?”

ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೆ ಅಳು ಬಂತು, ತಡೆದುಕೊಂಡಳು. “ಇಲ್ಲಿ ಸಾರಿಲ್ಲ. ಸ್ಕೂಲಲ್ಲಿದೆ. ನಾಳೆ ಊಟದ ಹೊತ್ತಿಗೆ ಬನ್ನಿ. ಡಬರಿ ಜಾರಿದ್ರೆ ಯಾರು ಮುಂದೆ ನಿಂತಿರ್ತಾರೋ ಅವರು ಕುಣೀತಾರೆ. ನಾನೇ ಆಗ್ಬೇಕು ಅಂತಿಲ್ಲ. ಯಾರಿಗಾದ್ರೂ ಬರುತ್ತೆ.”

ಕೆಲವರು ಇನ್ನೂ ನಗುತ್ತಿದ್ದರು. ಆದರೆ ನಗುವಿನ ನಡುನಡುವೆ ತೂತು ಬೀಳತೊಡಗಿತು. ಮುಂದಿನ ಸಾಲಿನ ಹೋಟೆಲಿನವನು ತನ್ನ ಮಗನ ತಲೆಯ ಮೇಲೆ ಕೈಯಿಟ್ಟ. ಅವನ ಹಿಂದಿನ ಹೆಂಗಸು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾಳೆ ಸಾಲಿನಲ್ಲಿ ಯಾರು ಮುಂದೆ ನಿಲ್ಲುತ್ತಾರೆ ಎಂದು ಒಬ್ಬೊಬ್ಬರಿಗೂ ತಮ್ಮ ಮಗುವಿನ ಮುಖವೇ ಕಾಣುತ್ತಿತ್ತು. ಆ ಮಾತನ್ನೂ ಅವಳು ಕಚೇರಿಯ ಮೈಕಿನಲ್ಲೇ ಹೇಳಿದ್ದಳು. ನೆಲ ಒಂದಿಷ್ಟೂ ಅಲ್ಲಾಡಲಿಲ್ಲ. ಅಧ್ಯಕ್ಷರೊಬ್ಬರೇ ಕೊನೆಯವರೆಗೂ ನಕ್ಕರು.

ಮರುದಿನ ನಾನು ಒಲೆ ಹಚ್ಚುವ ಮೊದಲೇ ಹೋಟೆಲಿನವನು ಅಡುಗೆಮನೆಗೆ ಬಂದ. ಕೈಯಲ್ಲಿ ಲಾರಿಯ ಜಾಕು. “ಹೀಗೇ ಬಂದೆ ಅಕ್ಕಾ,” ಎಂದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹೆಂಗಸರು ಸೆರಗಿನಲ್ಲಿ ಬೆಣೆ ಕಟ್ಟಿಕೊಂಡು ಬಂದಿದ್ದರು. ಮನೆಯ ಮಂಚದ ಕಾಲಿನಿಂದ, ಬೀರುವಿನಿಂದ ಕಿತ್ತ ಬೆಣೆಗಳು. ಗುರುಸಿದ್ದ ಸಾಮಿಲ್ಲಿನಿಂದ ದೊಡ್ಡವನ್ನೇ ಹೊತ್ತು ತಂದ. ಯಾರೂ ಓರೆ ಎನ್ನಲಿಲ್ಲ, ನೇರ ಎನ್ನಲಿಲ್ಲ. “ಸ್ವಲ್ಪ ಎತ್ತಿ,” “ಇನ್ನೊಂಚೂರು,” “ಸಾಕು ಸಾಕು, ಬಿಡಿ.” ಕಟ್ಟೆಯ ಕೆಳಗೆ ಸುತ್ತಿಗೆಯ ಸದ್ದು. ಅಷ್ಟೊತ್ತಿಗೆ ವಾಮದೇವಯ್ಯನವರು ಬಾಗಿಲಲ್ಲಿ ಕಾಣಿಸಿಕೊಂಡರು. ಸುತ್ತಿಗೆ ನಿಂತಿತು. ಅವರು ಎಲ್ಲರ ಮುಖ ನೋಡಿದರು, ಕಟ್ಟೆ ನೋಡಿದರು.

“ಇದೇನಿದು?”

“ಅಲಂಕಾರ ಸಾರ್,” ಎಂದಳು ಮೆಹರು.

ಅವರು ಬಗ್ಗಿ ಒಂದು ಬೆಣೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ “ಚೆನ್ನಾಗಿದೆ” ಎಂದು ಹೇಳಿ ಕಚೇರಿಯ ಕಡೆ ಬೇಗ ಬೇಗ ನಡೆದರು.

ಸಾರು ಕುದಿಯಿತು. ಡಬರಿಯಲ್ಲಿ ಸುತ್ತಲೂ ಒಂದೇ ಮಟ್ಟ. ಮೆಹರು ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಳು. ಮಕ್ಕಳು ಊಟಕ್ಕಿಂತ ಹೆಚ್ಚಾಗಿ ಅದನ್ನು ನೋಡಲು ಬಂದವು. ಸಮನಾಗಿ ನಿಂತ ಸಾರನ್ನು ಅವು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೀಲು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಹೋಟೆಲಿನವನ ಮಗ ತಿರುಗಿ ನೋಡಿ, ಕುಣಿದು ತೋರಿಸದೆ, ತನ್ನ ಮುಂದೆ ಜಾಗ ಬಿಟ್ಟ.

ಆಗಲೇ ಕಚೇರಿಯ ಮೈಕು ಗರಗರ ಎಂದಿತು. ಮಕ್ಕಳ ಸುರಕ್ಷತೆಗಾಗಿ ಹಗಲಿರುಳು ದುಡಿಯುತ್ತಿರುವ ಆಡಳಿತವು ವಿಶೇಷ ಯೋಜನೆಯಡಿ ಶಾಲೆಯ ಒಲೆಯನ್ನು ತಾನೇ ಮುಂದೆ ನಿಂತು ಮಟ್ಟ ಮಾಡಿಸಿದೆ ಎಂದು ಅಧ್ಯಕ್ಷರು ಸಾರುತ್ತಿದ್ದರು. ಅಡುಗೆಮನೆಯಲ್ಲಿದ್ದವರೆಲ್ಲ ಡಬರಿಯ ಕಡೆ ನೋಡಿದೆವು. ಸಾರಿನ ಅಂಚು ಮೆಲ್ಲಗೆ, ಒಂದು ಎಳೆಯಷ್ಟು, ಮೂಡಲಿಗೆ ಏರಿತು. ನಾನು ಮಕ್ಕಳನ್ನು ಹಿಂದಕ್ಕೆ ಸರಿಸಿದೆ.

ಹೋಟೆಲಿನವನು ಜಾಕಿಗೆ ಕೈಹಾಕಿದ. ಗುರುಸಿದ್ದ ಅವನ ತೋಳು ಹಿಡಿದ.

“ತಡಿ ಮಾರಾಯ. ಅವರದ್ದು ಇನ್ನೂ ಇದೆ. ಪೂರ್ತಿ ಹೇಳಿ ಮುಗಿಸ್ಲಿ, ಆಮೇಲೆ ಒಂದೇ ಸಲಕ್ಕೆ ಹೊಡೆಯೋಣ.”

ಯಾರೂ ಮನೆಗೆ ಹೋಗಲಿಲ್ಲ. ಬೆಣೆಗಳನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಸುತ್ತ ಕೂತರು. ನಾನು ಸೌಟು ಕೆಳಗಿಟ್ಟು ಅವರ ಪಕ್ಕ ಕೂತೆ. ಹೊರಗೆ ಮೈಕು ಮಾತಾಡುತ್ತಲೇ ಇತ್ತು.